ಪ್ಯಾಕಪ್ ಆಯಿತು, ಪೇಮೆಂಟ್ ಎಲ್ಲಿ?

ಓದುಗರ ಪ್ರಶ್ನೆ, ಬಳಗದ ಉತ್ತರ

ಮಳೆ ಹಿಂದೆ ಸರಿದು ಗುಡ್ಡಗಳಿನ್ನೂ ಹಸಿರಾಗಿರುವಾಗಲೇ ಶೂಟಿಂಗ್ ಯೂನಿಟ್‌ಗಳು ಘಟ್ಟ ಹತ್ತುತ್ತವೆ. ಆಗುಂಬೆ, ಕವಲೇದುರ್ಗ, ಶರಾವತಿ ಹಿನ್ನೀರು, ಹೊಸನಗರದ ಕಡೆಯ ತೊಟ್ಟಿಮನೆಗಳು ಮೇ ತಿಂಗಳವರೆಗೂ ಬಿಡುವಿಲ್ಲದೆ ತೆರೆಗೆ ಒದಗುತ್ತವೆ. ಆ ತೆರೆಯ ಹಿಂದೆ ದಿನದ ಲೆಕ್ಕದಲ್ಲಿ ದುಡಿಯುವವರು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನವೇ. ಹಾಗಾಗಿ ಈ ಸಲದ ಜಾಗವೂ ಹೆಚ್ಚಾಗಿ ಅದಕ್ಕೇ ಹೋಗಿದೆ.

ಪ್ರಶ್ನೆ: ನಮ್ಮೂರ ಹತ್ತಿರ ನಡೆದ ಒಂದು ಸಿನಿಮಾಕ್ಕೆ 18 ದಿನ ಲೈಟ್ ವಿಭಾಗದಲ್ಲಿ ಕೆಲಸ ಮಾಡಿದೆ. ದಿನಕ್ಕೆ 1,500 ರೂಪಾಯಿ ಅಂತ ಮಾತು. 5,000 ಅಡ್ವಾನ್ಸ್ ಬಂತು, ಮತ್ತೆ ಏನೂ ಇಲ್ಲ. ನಾಲ್ಕು ತಿಂಗಳಾಯಿತು, ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಎತ್ತುವುದಿಲ್ಲ. ಅಗ್ರಿಮೆಂಟ್ ಇಲ್ಲ, ವಾಟ್ಸಾಪ್ ಮೆಸೇಜ್ ಮಾತ್ರ ಇವೆ. ದುಡ್ಡು ಹೋದ ಹಾಗೇನಾ?
(ಓದುಗರು, ಸಾಗರ ತಾಲ್ಲೂಕು)

ಉತ್ತರ: ಹೋಗಿಲ್ಲ. ಅಗ್ರಿಮೆಂಟ್ ಇಲ್ಲದಿದ್ದರೂ ಸಾಕ್ಷಿ ಇದೆ. ಅದು ಕಳೆದುಹೋಗದ ಹಾಗೆ ಇವತ್ತೇ ನೋಡಿಕೊಳ್ಳಿ. ಯೂನಿಟ್ ಗ್ರೂಪಿನಿಂದ ಹೊರಬರಬೇಡಿ, ಫೋನ್ ಬದಲಾಯಿಸಬೇಡಿ, ಮಾರಬೇಡಿ. ಮ್ಯಾನೇಜರ್ ಜೊತೆಗಿನ ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಇಡೀ ಮಾತುಕತೆಯನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಗ್ರೂಪಿನದೂ ಹಾಗೆಯೇ. ದಿನಾ ರಾತ್ರಿ ಬರುತ್ತಿದ್ದ ಮರುದಿನದ ಕಾಲ್‌ಶೀಟ್ (ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಬರಬೇಕೆಂಬ ಪಟ್ಟಿ), ಲೊಕೇಶನ್ ಮ್ಯಾಪ್, ಧ್ವನಿ ಸಂದೇಶ ಎಲ್ಲವೂ ಬೇಕು. ಸ್ಕ್ರೀನ್‌ಶಾಟ್ ಮಾತ್ರ ತೆಗೆದಿಟ್ಟು ಮೂಲ ಚಾಟ್ ಅಳಿಸಿದರೆ ಮುಂದೆ ಎದುರಿನವರು ಅದನ್ನು ಸುಲಭವಾಗಿ ಅಲ್ಲಗಳೆಯುತ್ತಾರೆ.

ನಿಮ್ಮ ಹತ್ತಿರ ಇರುವ ದೊಡ್ಡ ಸಾಕ್ಷಿ ಆ 5,000. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಅದು ಯಾರ ಖಾತೆಯಿಂದ ಬಂತು ನೋಡಿ. ಬ್ಯಾನರ್ (ನಿರ್ಮಾಣ ಸಂಸ್ಥೆ) ಹೆಸರಿನ ಖಾತೆಯಾದರೆ ಕೊಡಬೇಕಾದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಮ್ಯಾನೇಜರ್‌ನ ಸ್ವಂತ ಖಾತೆಯಾದರೆ "ನಾನು ಬರೀ ಕೆಲಸಗಾರ, ನಿರ್ಮಾಪಕರನ್ನು ಕೇಳಿ" ಎಂದು ಅವರು, "ಮ್ಯಾನೇಜರ್‌ಗೆ ಎಲ್ಲಾ ಕೊಟ್ಟಾಗಿದೆ" ಎಂದು ನಿರ್ಮಾಪಕರು ಹೇಳುವುದು ಈ ಕ್ಷೇತ್ರದಲ್ಲಿ ಹಳೆಯ ವರಸೆ. ಅದಕ್ಕೆ ನೋಟಿಸನ್ನು ಇಬ್ಬರ ಹೆಸರಿಗೂ ಬರೆಯಬೇಕು. ಬ್ಯಾನರ್ ಹೆಸರು ಪೋಸ್ಟರ್‌ನಲ್ಲೋ ಕಾಲ್‌ಶೀಟ್‌ನ ತಲೆಯಲ್ಲೋ ಇರುತ್ತದೆ. ವಿಳಾಸ ಸಿಗದಿದ್ದರೆ ಚಿತ್ರದ ಹೆಸರು ನೋಂದಣಿಯಾದ ನಿರ್ಮಾಪಕರ ಸಂಸ್ಥೆಯಲ್ಲಿ ವಿಚಾರಿಸಿ.

ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ತಾರೀಖು, ಜಾಗ, ಶುರುವಾದ ಹೊತ್ತು, ಪ್ಯಾಕಪ್ ಆದ ಹೊತ್ತು. 18 ದಿನಕ್ಕೆ 27,000, ಬಂದದ್ದು 5,000, ಬಾಕಿ 22,000. ಹೆಚ್ಚುವರಿ ಹೊತ್ತು ದುಡಿದದ್ದಿದ್ದರೆ ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಒಟ್ಟಿನಲ್ಲಿ ಸೇರಿಸಿದರೆ ಅದೊಂದರ ತಕರಾರು ಹಿಡಿದು ಇಡೀ ಲೆಕ್ಕವನ್ನೇ ತಳ್ಳಿಹಾಕುತ್ತಾರೆ. "ಈ ಪತ್ರ ತಲುಪಿದ 15 ದಿನದೊಳಗೆ ಈ ಖಾತೆಗೆ ಹಾಕಿ" ಎಂದು ಮುಗಿಸಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ (ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ). ಅದೇ ಪತ್ರದ ಫೋಟೋ ವಾಟ್ಸಾಪ್‌ಗೂ ಹೋಗಲಿ. ಬೈಗುಳ, ಬೆದರಿಕೆ, ಫೇಸ್‌ಬುಕ್ ಪೋಸ್ಟ್ ಯಾವುದೂ ಬೇಡ. ಮಾನನಷ್ಟದ ನೋಟಿಸ್ ತಿರುಗಿ ಬಂದರೆ ಬಾಕಿಯ ವಿಷಯ ಮೂಲೆಗೆ ಬೀಳುತ್ತದೆ.

15 ದಿನ ಕಳೆದರೆ ಎರಡು ಬಾಗಿಲು ಒಟ್ಟಿಗೇ ತಟ್ಟಿ. ಮೊದಲನೆಯದು ಕಾರ್ಮಿಕ ಇಲಾಖೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಪಾಳಿ ಮುಗಿದಾಗಲೇ, ವಾರದ ಕೂಲಿಯನ್ನು ವಾರದ ರಜೆಗೆ ಮುಂಚಿನ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ. ಎರಡನೆಯದು ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ. ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಕೇಸ್ ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಸಬಹುದು. 22,000ದಂಥ ಮೊತ್ತಕ್ಕೆ ನಮಗೆ ಇದೇ ಸೂಕ್ತ ದಾರಿಯಾಗಿ ಕಾಣುತ್ತದೆ.

ಇನ್ನೊಂದು, ಸಮಯ. ಡಬ್ಬಿಂಗ್ ನಡೆಯುತ್ತಿರುವಾಗ, ಬಿಡುಗಡೆಯ ದಿನಾಂಕ ಗೊತ್ತಾಗುವಾಗ ಕೊಟ್ಟ ದೂರಿಗೆ ಇರುವ ತೂಕ ಚಿತ್ರಮಂದಿರದಿಂದ ಎತ್ತಂಗಡಿಯಾದ ಮೇಲೆ ಇರುವುದಿಲ್ಲ. ನಿಮ್ಮ ಜೊತೆ ದುಡಿದವರಿಗೂ ಬಾಕಿ ಇದ್ದರೆ ಎಲ್ಲರೂ ಒಂದೇ ದಿನ ಪ್ರತ್ಯೇಕ ಅರ್ಜಿ ಕೊಡಿ. ಯಾರಾದರೂ ಸಿನಿಮಾ ಕಾರ್ಮಿಕರ ಒಕ್ಕೂಟದ ಸದಸ್ಯರಾಗಿದ್ದರೆ ಅವರ ಮೂಲಕ ಒಕ್ಕೂಟಕ್ಕೂ ಒಂದು ಪ್ರತಿ ಹೋಗಲಿ.

ಮಧ್ಯದಲ್ಲಿ ಚೆಕ್ ಕೊಟ್ಟು ಸಮಾಧಾನ ಮಾಡಿದರೆ ತೆಗೆದುಕೊಳ್ಳಿ, ಆದರೆ ಅದರ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು, ಅದು ತಲುಪಿದ ಮೇಲೆ ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. "ಇನ್ನೊಂದು ವಾರ ತಡೀರಿ" ಎಂಬ ಮಾತಿಗೆ ತಲೆಯಾಡಿಸುತ್ತಾ ಆ 30 ದಿನ ಕಳೆದುಕೊಂಡವರೇ ಹೆಚ್ಚು.

ಪ್ರಶ್ನೆ: ಕ್ಯಾಮೆರಾ ಅಸಿಸ್ಟೆಂಟ್ ಆಗಿ ಕೆಲಸ ಮಾಡುತ್ತೇನೆ. ಎಲ್ಲಾ ಫೋನಿನಲ್ಲೇ ಮಾತಾಗುತ್ತದೆ. ಅಗ್ರಿಮೆಂಟ್ ಕೇಳಿದರೆ "ಈ ಹುಡುಗ ಬೇಡ" ಅಂತ ಮುಂದಿನ ಸಲ ಕರೆಯುವುದಿಲ್ಲ. ಏನು ಮಾಡಬೇಕು?
(ತೀರ್ಥಹಳ್ಳಿ)

ಉತ್ತರ: ಕಾನೂನು ನಿಮ್ಮ ಕಡೆಗೇ ಇದೆ. 1981ರ ಸಿನಿ ಕಾರ್ಮಿಕರ ಕಾಯ್ದೆಯಲ್ಲಿದ್ದ ಲಿಖಿತ ಒಪ್ಪಂದದ ನಿಯಮ ಈಗ ಔದ್ಯೋಗಿಕ ಸುರಕ್ಷತೆ ಸಂಹಿತೆಗೆ ಬಂದಿದೆ. ಸಿನಿಮಾ, ಧಾರಾವಾಹಿ ಮುಂತಾದವುಗಳ ಕೆಲಸಗಾರರನ್ನು ಅದು 'ದೃಶ್ಯ-ಶ್ರವ್ಯ ಕೆಲಸಗಾರರು' ಎಂದು ಕರೆಯುತ್ತದೆ. ಕೆಲಸದ ಸ್ವರೂಪ, ಸಂಬಳ, ದುಡಿಮೆಯ ಹೊತ್ತು, ಸುರಕ್ಷತೆ ಎಲ್ಲ ಬರೆದ ಒಪ್ಪಂದ ಮಾಡಿಕೊಂಡು ಅದನ್ನು ನೋಂದಾಯಿಸುವ ಹೊಣೆ ನಿರ್ಮಾಪಕರದು. ಹಾಗಿದ್ದರೂ ನಿಮ್ಮ ಭಯ ನಿಜವಾದದ್ದೇ. ಅದಕ್ಕೆ ಅಗ್ರಿಮೆಂಟ್ ಎಂಬ ಪದವನ್ನೇ ಬಳಸದೆ ಅದರ ಕೆಲಸ ಮಾಡಿಸಿಕೊಳ್ಳುವ ದಾರಿ ಇದು: ಫೋನ್ ಇಟ್ಟ ಹತ್ತು ನಿಮಿಷದೊಳಗೆ, ಮಾತಾಡಿದ್ದನ್ನೇ ಬರೆದು ಕಳಿಸಿ. ಹೀಗೆ:

"ನಮಸ್ಕಾರ ಸರ್. ಈಗ ಮಾತಾಡಿದ ಹಾಗೆ ಡಿಸೆಂಬರ್ 3ರಿಂದ 14, ತೀರ್ಥಹಳ್ಳಿ ಸುತ್ತ, 12 ದಿನ, ಸೆಕೆಂಡ್ ಅಸಿಸ್ಟೆಂಟ್. ದಿನಕ್ಕೆ ಇಷ್ಟು, ಬಾಟಾ (ದಿನದ ಕೈಖರ್ಚು) ಬೇರೆ. ಬೆಳಿಗ್ಗೆ 6ರಿಂದ ಸಂಜೆ 6 ಒಂದು ಕಾಲ್‌ಶೀಟ್ (ಒಂದು ದಿನದ ಕೂಲಿ), ರಾತ್ರಿ 10ರವರೆಗೆ ಹೋದರೆ ಇನ್ನರ್ಧ, ದಾಟಿದರೆ ಇನ್ನೊಂದು ಪೂರ್ತಿ. ಮಳೆಗೆ ನಿಂತರೂ ಲೊಕೇಶನ್‌ನಲ್ಲಿದ್ದ ದಿನ ಪೂರ್ತಿ. ಊಟ, ರೂಮ್, ಓಡಾಟ ಯೂನಿಟ್‌ನದು. ಅಡ್ವಾನ್ಸ್ ಮೂರನೇ ಒಂದು ಭಾಗ 1ನೇ ತಾರೀಖು, ಉಳಿದದ್ದು ಪ್ಯಾಕಪ್ ಆದ 15 ದಿನದೊಳಗೆ. ಹೆಚ್ಚು ಕಮ್ಮಿ ಇದ್ದರೆ ತಿಳಿಸಿ, ಡೇಟ್ ಬ್ಲಾಕ್ ಮಾಡುತ್ತೇನೆ."

ಅವರು 'ಓಕೆ' ಎಂದೋ ಹೆಬ್ಬೆರಳಿನ ಗುರುತನ್ನೋ ಒತ್ತಿದರೆ ಸಾಕು. ಉತ್ತರ ಬಾರದಿದ್ದರೂ ಮರುದಿನದಿಂದ ಕಾಲ್‌ಶೀಟ್ ಕಳಿಸಿದರೆಂದರೆ ಒಪ್ಪಿದರು ಎಂದು ವಾದಿಸಬಹುದು. ಜಗಳ ಹುಟ್ಟುವುದು ಯಾವಾಗಲೂ ಅದೇ ನಾಲ್ಕು ಕಡೆ: ಬೆಂಗಳೂರಿನಿಂದ 300 ಕಿಲೋಮೀಟರ್ ಪ್ರಯಾಣದ ದಿನಕ್ಕೆ ಅರ್ಧ ಕೂಲಿಯೋ ಪೂರ್ತಿಯೋ, ಕಲಾವಿದರ ಡೇಟ್ ಸಿಗದೆ ರೂಮಿನಲ್ಲಿ ಕೂತ ದಿನಕ್ಕೆ ಏನು, ಮಳೆ ಬಂದರೆ ಏನು, ಕೊನೇ ಗಳಿಗೆಯಲ್ಲಿ ಶೆಡ್ಯೂಲ್ ಮುಂದೆ ಹೋದರೆ ಏನು. ಮಲೆನಾಡಿನಲ್ಲಿ ಅಕ್ಟೋಬರ್‌ನಲ್ಲೂ, ಏಪ್ರಿಲ್ ಕೊನೆಗೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಳೆಯ ಸಾಲನ್ನು ಮಾತ್ರ ಬಿಡಲೇಬೇಡಿ. ಮುಂದೂಡಿಕೆಗೆ, "ಶೂಟಿಂಗ್‌ಗೆ 48 ಗಂಟೆಯೂ ಉಳಿಯದಿರುವಾಗ ಹೇಳಿದರೆ ಎರಡು ದಿನದ ಕೂಲಿ" ಎಂಬಂಥ ಮಾತು ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ, ಆದರೆ ಕೇಳಿದವರ ಡೇಟ್‌ಗೆ ಸ್ವಲ್ಪ ಹೆಚ್ಚು ಬೆಲೆ ಬರುತ್ತದೆ.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ. ಧಾರಾವಾಹಿ ಕ್ಯಾಮೆರಾ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತೇನೆ ಅಂತ ಹಟ. ಯಾರೋ 60,000 ಕಟ್ಟಿದರೆ ಸೇರಿಸಿಕೊಳ್ಳುತ್ತಾರಂತೆ. ನಮಗೆ ಇರುವುದು ಒಂದೆಕರೆ ತೋಟ. ಕಳಿಸಬಹುದೇ?
(ಒಬ್ಬ ತಾಯಿ, ಕೊಪ್ಪ)

ಉತ್ತರ: ಅಮ್ಮ, ಆ 60,000 ಮಾತ್ರ ಕಟ್ಟಬೇಡಿ. ಕೆಲಸ ಕೊಡುವವರು ಕೆಲಸಗಾರನಿಂದ ದುಡ್ಡು ಕೇಳುವುದಿಲ್ಲ. ಒಕ್ಕೂಟದ ಸದಸ್ಯತ್ವಕ್ಕೆ ಶುಲ್ಕವಿರುತ್ತದೆ ನಿಜ, ಅದನ್ನು ಸಂಘದ ಕಚೇರಿಯಲ್ಲೇ ಕಟ್ಟಿ ರಸೀದಿ ಪಡೆಯುವುದು. ನಡುವೆ ನಿಂತವರ ಫೋನ್‌ಪೇಗೆ ಹಾಕುವುದಲ್ಲ.

ಹುಡುಗನಿಗೆ ನಿಜವಾಗಿ ಆಸೆಯಿದ್ದರೆ ಕಲಿಯುವ ದಾರಿಗಳಿವೆ. ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಇದೆ, ಛಾಯಾಗ್ರಹಣ ಮತ್ತು ಧ್ವನಿ ವಿಭಾಗದಲ್ಲಿ ಡಿಪ್ಲೊಮಾ ಕೊಡುತ್ತದೆ. ಹತ್ತಿರದಲ್ಲೇ ಬೇಕೆಂದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಒಂದು ವರ್ಷದ ಡಿಪ್ಲೊಮಾ. ಅದು ನಾಟಕದ್ದು, ಆದರೆ ಅಲ್ಲಿ ಬೆಳಕು, ರಂಗಸಜ್ಜಿಕೆ, ಪ್ರಸಾಧನ ಕಲಿತವರಿಗೆ ಸೆಟ್ಟಿನಲ್ಲಿ ನಿಲ್ಲುವುದು ಹೊಸದೆನಿಸುವುದಿಲ್ಲ.

ನೇರವಾಗಿ ಕೆಲಸಕ್ಕೇ ಹೋಗುವುದಾದರೆ ಕ್ಯಾಮೆರಾ ಒಂದಕ್ಕೇ ಅಂಟಿಕೊಳ್ಳಬಾರದು. ಸೌಂಡ್, ಆರ್ಟ್, ಕಾಸ್ಟ್ಯೂಮ್ ವಿಭಾಗಗಳಿಗೂ ಕೈ ಬೇಕು. ಫೂಟೇಜ್ ಕಾಪಿ ಮಾಡಿ ಲೆಕ್ಕ ಇಡುವ ಕೆಲಸಕ್ಕೆ ಶಿಸ್ತಿನ ಹುಡುಗರು ಸಿಗುವುದೇ ಕಷ್ಟ. ಮೊದಲ ಆರು ತಿಂಗಳು ಬರುವುದು ಊಟ, ಬಾಟಾ, ಅಲ್ಲೊಂದು ಇಲ್ಲೊಂದು ಪೇಮೆಂಟ್ ಎಂದೇ ಲೆಕ್ಕ ಹಾಕಿ. ರೂಮಿನ ಪಾಲು, ಬಸ್ಸು, ಕೆಲಸವಿಲ್ಲದ ದಿನದ ಊಟ ಸೇರಿಸಿ ಆರು ತಿಂಗಳ ಖರ್ಚು ಅವನ ಖಾತೆಯಲ್ಲಿದ್ದರೆ ಕಳಿಸಿ. ತೋಟ ಅಡವಿಟ್ಟು ಬೇಡ. ಧಾರಾವಾಹಿ ವಾರಕ್ಕೆ ಐದಾರು ಕಂತು ಬರುವವರೆಗೆ ಕೆಲಸ ಖಾಯಂ ಅನ್ನಿಸುತ್ತದೆ. ಗುರುವಾರದ ಟಿಆರ್‌ಪಿ ಕೆಲವು ವಾರ ಇಳಿದರೆ ಮುಗಿಸುವ ತೀರ್ಮಾನ ಮೇಲಿನಿಂದ ಬರುತ್ತದೆ, ಕೆಳಗಿನವರಿಗೆ ಗೊತ್ತಾಗುವುದು ಕೊನೆಗೆ. ಅದಕ್ಕೇ ಒಂದು ಧಾರಾವಾಹಿಯಲ್ಲಿರುವಾಗಲೇ ಇನ್ನೊಂದು ಯೂನಿಟ್‌ನವರ ಪರಿಚಯ ಇಟ್ಟುಕೊಳ್ಳಬೇಕು.

ಹೊರಡುವ ಮುಂಚೆ ಊರಿನ ಬ್ಯಾಂಕಿನಲ್ಲೇ ಎರಡು ವಿಮೆ ಮಾಡಿಸಿ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ (ಅಪಘಾತಕ್ಕೆ 2 ಲಕ್ಷ), 436 ರೂಪಾಯಿಯ ಜೀವನ್ ಜ್ಯೋತಿ (ಯಾವುದೇ ಸಾವಿಗೆ 2 ಲಕ್ಷ). ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆ ಖಾಲಿಯಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ. ಮಳೆಗಾಲ ಶುರುವಾಗುವ ಆ ಹೊತ್ತಿಗೇ ಈ ಕೆಲಸದವರ ಖಾತೆಯೂ ಖಾಲಿಯಾಗಿರುತ್ತದೆ. ನೆನಪಿಟ್ಟು 500 ರೂಪಾಯಿ ಉಳಿಸಲು ಹೇಳಿ. ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿ) ನೋಂದಣಿ ಉಚಿತ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಆಗುತ್ತದೆ.

ಪ್ರಶ್ನೆ: ಶಿವಮೊಗ್ಗದಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಎಡಿಟಿಂಗ್ ಮಾಡಿಕೊಡುತ್ತೇನೆ. ಪ್ರತಿ ಬಿಲ್ಲಿಗೂ 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಉಳಿದದ್ದೂ ಮೂರು ತಿಂಗಳು ತಡ. ಹಿಡಿದದ್ದು ವಾಪಸ್ ಬರುತ್ತದೆಯೇ?
(ವಿನೋಬನಗರ)

ಉತ್ತರ: ರಿಟರ್ನ್ ಸಲ್ಲಿಸಿದರೆ ಬರುತ್ತದೆ, ಸಲ್ಲಿಸದಿದ್ದರೆ ಬರುವುದಿಲ್ಲ. ಎಡಿಟರ್, ಕ್ಯಾಮೆರಾಮನ್, ಸಹಾಯಕ ನಿರ್ದೇಶಕ, ಕಲಾ ನಿರ್ದೇಶಕ, ವಸ್ತ್ರ ವಿನ್ಯಾಸಕರೆಲ್ಲ ತೆರಿಗೆ ಕಾನೂನಿನಲ್ಲಿ ವೃತ್ತಿಪರರ ಸಾಲಿಗೆ ಬರುತ್ತಾರೆ. ಒಂದು ಕಂಪನಿಯಿಂದ ವರ್ಷಕ್ಕೆ 50,000 ದಾಟಿದರೆ 10% ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ, ಆಧಾರ್‌ಗೆ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ, 20%.

ಆದರೆ ವೃತ್ತಿಪರರಿಗೆ ಅಂದಾಜು ಆದಾಯದ ಪದ್ಧತಿಯಿದೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಕಲಂ 44ಎಡಿಎ. ವರ್ಷದ ಒಟ್ಟು ಬಿಲ್ಲು 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು, ಖರ್ಚಿನ ರಸೀದಿ ಕೂಡಿಡಬೇಕಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿರುವುದರಿಂದ ಹಳೆ ನಂಬರ್ ಹಿಡಿದು ಹುಡುಕಬೇಡಿ. ನಿಮ್ಮ ವರ್ಷದ ಬಿಲ್ಲು 4,20,000 ಎಂದಿಟ್ಟುಕೊಳ್ಳಿ. ಹಿಡಿದದ್ದು 42,000. ಆದಾಯ 2,10,000. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ, 42,000 ಪೂರ್ತಿ ವಾಪಸ್. ಗಡುವು ಮೀರಿದರೂ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್‌ಗೆ ಅವಕಾಶವಿದೆ, ದಂಡ ಬೀಳಬಹುದು.

ಸಲ್ಲಿಸುವ ಮುಂಚೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್‌ಗೆ ಎಷ್ಟು ಜಮೆಯಾಗಿದೆ ನೋಡಿ. ಕಂಪನಿಯವರು ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವುದರಿಂದ ಜನವರಿಯಿಂದ ಮಾರ್ಚ್‌ವರೆಗಿನದು ಕಾಣಿಸುವುದು ಮೇ ಕೊನೆಯ ನಂತರವೇ. ಅವಸರದಲ್ಲಿ ಏಪ್ರಿಲ್‌ನಲ್ಲೇ ಸಲ್ಲಿಸಿದರೆ ಆ ಮೂರು ತಿಂಗಳ ಹಣ ತಪ್ಪಿಹೋಗುತ್ತದೆ. ಕಂಪನಿಯವರು ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟದೇ ಇದ್ದರೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಟಿಡಿಎಸ್ ಪ್ರಮಾಣಪತ್ರಕ್ಕೆ ಇಮೇಲ್ ಹಾಕಿ.

ಮೂರು ತಿಂಗಳ ತಡಕ್ಕೂ ಮದ್ದಿದೆ. ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಸೇವಾ ಉದ್ಯಮವೆಂದು ನೋಂದಾಯಿಸಿ, ಅದು ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಮುಂದಿನ ಬಿಲ್ಲಿನ ತಲೆಯಲ್ಲಿ ಆ ಸಂಖ್ಯೆ ಅಚ್ಚಾಗಲಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಅವರು ತಮ್ಮ ತೆರಿಗೆ ಲೆಕ್ಕದಲ್ಲಿ ಆ ವರ್ಷ ಕಳೆಯುವಂತಿಲ್ಲ. ಹಾಗಾಗಿ ಮಾರ್ಚ್ ಬಂದಾಗ ಅವರ ಆಡಿಟರೇ ನಿಮ್ಮ ಬಿಲ್ಲು ನೆನಪಿಸುತ್ತಾರೆ. ಕೊನೆಯ ಔಟ್‌ಪುಟ್ ಕೊಡುವ ಮುಂಚೆ ನೀರುಗುರುತು ಹಾಕಿದ ಪ್ರತಿ ಕಳಿಸಿ, ಬಾಕಿಯ ಅರ್ಧವಾದರೂ ಬಂದ ಮೇಲೆ ಶುದ್ಧ ಪ್ರತಿ ಕೊಡುವುದು ಇನ್ನೂ ಸರಳ.

ಪ್ರಶ್ನೆ: ಮದುವೆ ಕೆಲಸ, ಯಕ್ಷಗಾನ ಲೈವ್, ಆಗಾಗ ಸಿನಿಮಾದವರಿಗೆ ಬಾಡಿಗೆ ಅಂತ ಕ್ಯಾಮೆರಾ, ಎರಡು ಲೆನ್ಸ್, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಸೇರಿ 5 ಲಕ್ಷ ಸಾಲ ಮಾಡಿ ಕೊಳ್ಳಬೇಕೆಂದಿದ್ದೇನೆ. ಸರಿಯೇ?
(ಹೊಸನಗರ)

ಉತ್ತರ: 12% ಬಡ್ಡಿ, 36 ತಿಂಗಳು ಎಂದರೆ ಕಂತು ಸುಮಾರು 16,600, ವರ್ಷಕ್ಕೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಬ್ಯಾಂಕ್ ಹನ್ನೆರಡು ತಿಂಗಳೂ ಕೇಳುತ್ತದೆ, ನಮ್ಮ ಕಡೆ ದುಡಿಮೆ ಹನ್ನೆರಡು ತಿಂಗಳಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣ ಶೂಟಿಂಗ್ ಇಲ್ಲವೆನ್ನುವಷ್ಟು ಕಡಿಮೆ, ಆಷಾಢದಲ್ಲಿ ಮದುವೆ ಇಲ್ಲ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಪಿತೃಪಕ್ಷವೂ ಹಾಗೆ. ಅಂದರೆ ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ಕಂತು, ದುಡಿಯುವ ತಿಂಗಳಿಗೆ ಹತ್ತಿರ ಹತ್ತಿರ 25,000. ದಿನಕ್ಕೆ 2,500 ಬಾಡಿಗೆ ಸಿಕ್ಕಿದರೆ ಕಂತಿಗೇ ವರ್ಷಕ್ಕೆ 80 ದಿನ ಬೇಕು. ಕಳೆದ ವರ್ಷದ ಡೈರಿ ತೆಗೆದು ಕ್ಯಾಮೆರಾ ಬಾಡಿಗೆಗೆ ತಂದ ದಿನ ಎಣಿಸಿ. 80ಕ್ಕಿಂತ ಬಹಳ ಕಡಿಮೆಯಾದರೆ ಈ ವರ್ಷ ಬಾಡಿಗೆಯಲ್ಲೇ ನಡೆಸಿ. 100 ದಾಟಿದ್ದರೆ ಕೊಳ್ಳಿ.

ಕೊಳ್ಳುವುದಾದರೆ ಲೆನ್ಸ್ ಮೊದಲು, ಕ್ಯಾಮೆರಾ ಬಾಡಿ ಆಮೇಲೆ. ಬಾಡಿಯ ಬೆಲೆ ಬೇಗ ಇಳಿಯುತ್ತದೆ, ಒಳ್ಳೆಯ ಲೆನ್ಸ್ ಎರಡು ಬಾಡಿಗಳ ಆಯುಷ್ಯ ಬಾಳುತ್ತದೆ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದ ಸಾಲವಿದೆ. ಅಂಗಡಿಯ ಕೊಟೇಶನ್, ಉದ್ಯಮ್ ನೋಂದಣಿ, ಖಾತೆಯ ವಹಿವಾಟು ತೆಗೆದುಕೊಂಡು ಹೋಗಿ. ಸೊಸೈಟಿಯಲ್ಲಿ ತೋಟದ ಮೇಲೆ ತಂದ ಬೆಳೆ ಸಾಲವನ್ನು ಮಾತ್ರ ಇದಕ್ಕೆ ತಿರುಗಿಸಬೇಡಿ. ಗಡುವಿಗೆ ಕಟ್ಟದಿದ್ದರೆ ಬಡ್ಡಿಯಿಲ್ಲದ ಸೌಲಭ್ಯ ತಪ್ಪಿ, ಮುಂದಿನ ವರ್ಷದ ಸಾಲಕ್ಕೂ ತೊಡಕಾಗುತ್ತದೆ.

ಪ್ರಶ್ನೆ: ಹಿನ್ನೀರಿನ ಮೇಲೆ ಡ್ರೋನ್ ಹಾರಿಸಿಕೊಡಿ ಅಂತ ಯೂನಿಟ್‌ನವರು ಕೇಳುತ್ತಾರೆ. ಹಾರಿಸಬಹುದೇ?
(ತುಮರಿ)

ಉತ್ತರ: ದುಡ್ಡು ಪಡೆದು ಹಾರಿಸುವಾಗ 250 ಗ್ರಾಂ ಮೀರಿದ ಡ್ರೋನ್‌ಗೆ ನೋಂದಣಿ ಸಂಖ್ಯೆಯೂ ನಿಮಗೆ ಪೈಲಟ್ ಪ್ರಮಾಣಪತ್ರವೂ ಬೇಕು. ಡ್ರೋನ್ ನಕ್ಷೆಯ ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಬೇಡದ ಜಾಗ) 400 ಅಡಿಯವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿಯವರೆಗೆ ಮಾತ್ರ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗ ಸುತ್ತಿನವರಿಗೆ ಇದು ಅನ್ವಯ. ನಿಮ್ಮ ಕಡೆ ಅಭಯಾರಣ್ಯದ ತೊಡಕು ದೊಡ್ಡದು. ನಕ್ಷೆಯಲ್ಲಿ ಹಸಿರಿದ್ದರೂ ಶರಾವತಿ ಕಣಿವೆ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬೇಡ, ಅಣೆಕಟ್ಟಿನ ಕಡೆಗಂತೂ ತಿರುಗಿಸಲೇಬೇಡಿ. "ಪರ್ಮಿಶನ್ ನಾವು ನೋಡಿಕೊಳ್ಳುತ್ತೇವೆ" ಎಂದರೆ ಅದರ ಪ್ರತಿ ನಿಮ್ಮ ಫೋನಿಗೆ ಬರಲಿ. ಜಪ್ತಿಯಾಗುವುದು ಹಾರಿಸಿದವರ ಡ್ರೋನ್.

ಪ್ರಶ್ನೆ: ಲೊಕೇಶನ್ ತೋರಿಸಲು, ಸೆಟ್ ಕೆಲಸಕ್ಕೆ ಕಾಡೊಳಗೆ ಹೋಗಬೇಕಾಗುತ್ತದೆ. ಮಂಗನ ಕಾಯಿಲೆಯ ಭಯ. ಯೂನಿಟ್‌ನವರಿಗೆ ಇದರ ಗಂಧಗಾಳಿಯೂ ಇಲ್ಲ.
(ಸೊರಬ ತಾಲ್ಲೂಕು)

ಉತ್ತರ: 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಚ್ಚಾಗಿ ಹರಡುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಶೂಟಿಂಗ್ ಕಾಲದಲ್ಲಿ. ಕಚ್ಚುವುದು ಉಣುಗಿನ ಮರಿಗಳು, ಎಳ್ಳಿನಷ್ಟು ಚಿಕ್ಕವು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಇಂಬಳಕ್ಕೆ ಉಪ್ಪು, ಸುಣ್ಣ ಹಿಡಿದು ಹೊರಟವರು ಉಣುಗನ್ನು ಮರೆಯುತ್ತಾರೆ.

ಶೆಡ್ಯೂಲ್‌ಗೆ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ: ಇತ್ತೀಚೆಗೆ ಮಂಗ ಸತ್ತಿದೆಯೇ? ಸತ್ತಿದ್ದರೆ ಲೊಕೇಶನ್ ಬದಲಾಗಬೇಕು, ಇದರಲ್ಲಿ ಚೌಕಾಸಿ ಬೇಡ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಮಧ್ಯಾಹ್ನದ ಊಟಕ್ಕೆ ತರಗೆಲೆಯ ಮೇಲೆ ಕೂರುವುದೇ ಹೆಚ್ಚಿನ ಅಪಾಯ, ಆದ್ದರಿಂದ ಪ್ರೊಡಕ್ಷನ್‌ನವರು ಕುರ್ಚಿ ಕೊಡಲಿ. ಸಂಜೆ ಬಿಸಿನೀರು, ಸೋಪಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು.

ಕಚ್ಚಿದ ಮೇಲೆ ಜ್ವರ ಬರುವುದಕ್ಕೆ ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ಯೂನಿಟ್ ಬೆಂಗಳೂರು ಸೇರಿರುತ್ತದೆ. ಅಲ್ಲಿನ ವೈದ್ಯರಿಗೆ ಇದು ತಟ್ಟನೆ ಹೊಳೆಯದಿರಬಹುದು. ಅದಕ್ಕೇ ಪ್ಯಾಕಪ್ ದಿನ ಗ್ರೂಪಿಗೆ ಒಂದು ಸಾಲು ಹಾಕಿ: "ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ಕೇಳದೆ ನೋವಿನ ಮಾತ್ರೆ ನುಂಗಬೇಡಿ." ಯೂನಿಟ್‌ಗೆ ವಿಮೆ ಇದೆಯೇ, ಅದರಲ್ಲಿ ಸ್ಥಳೀಯ ಕೆಲಸಗಾರರ ಹೆಸರೂ ಇದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಮಳೆಗಾಲ ಕಳೆದು ತೆಗೆದರೆ ಲೆನ್ಸ್ ಒಳಗೆ ಜೇಡನ ಬಲೆಯಂಥ ಬೂಷ್ಟು. ಅಕ್ಕಿಡಬ್ಬದಲ್ಲಿ ಇಟ್ಟರೆ ಆಗುತ್ತದೆಯೇ?
(ಆಗುಂಬೆ)

ಉತ್ತರ: ಅಕ್ಕಿ ಬೇಡ, ಅದರ ಹುಡಿ ಲೆನ್ಸ್ ಉಂಗುರದೊಳಗೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಕೂರುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬ, ಕಾಲು ಕಿಲೋ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾ ಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯಲು ದಾರಿಯಾಗುತ್ತದೆ, 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ರಬ್ಬರ್, ಗ್ರೀಸ್ ಒಣಗುತ್ತವೆ. ನೀಲಿ ಜೆಲ್ ಗುಲಾಬಿಯಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಿರಲಿ. ಚರ್ಮದ ಕೇಸನ್ನು ಡಬ್ಬದ ಹೊರಗಿಡಿ, ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ.

ಎಸಿ ರೂಮಿನಿಂದ ಮಳೆಯ ಬಯಲಿಗೆ ತರುವಾಗ ಕ್ಯಾಮೆರಾವನ್ನು ಜಿಪ್ ಕವರ್‌ನಲ್ಲೇ ಮುಕ್ಕಾಲು ಗಂಟೆ ಬಿಡಿ, ಹನಿ ಕವರಿನ ಹೊರಗೆ ಕಟ್ಟಿಕೊಳ್ಳುತ್ತದೆ. ಈಗ ಹಿಡಿದಿರುವ ಲೆನ್ಸನ್ನು ಬೇರೆಯವುಗಳಿಂದ ದೂರ ಇಟ್ಟು ಈ ವಾರವೇ ರಿಪೇರಿಗೆ ಕೊಡಿ. ಎಳೆಗಳು ಅಂಚಿನಲ್ಲಷ್ಟೇ ಇದ್ದಾಗ ಒರೆಸಿ ತೆಗೆಯಬಹುದು, ಗಾಜಿನ ಲೇಪವನ್ನು ತಿಂದ ಮೇಲೆ ಗುರುತು ಹೋಗುವುದಿಲ್ಲ.